ಗ್ರೈಂಡರ್ ಪೆಟ್ಟಿಗೆಯ ಎಂಜಿನ್

ವಿನ್ಸೆಂಟ್ ಬಂದು ದಪ್ಪನೆಯ ಲಕೋಟೆಯೊಂದನ್ನು ಪಂದ್ಯ ನಡೆಸುವ ವಿಲ್ಸನ್ ಸಾರ್ ಮುಂದಿನ ಮೇಜಿನ ಮೇಲಿಟ್ಟಾಗ ಉದಯಶಂಕರನಿಗೆ ಏನೂ ಅನ್ನಿಸಲಿಲ್ಲ. ಮುಂದಿನ ಪಂದ್ಯದ ಪ್ರವೇಶಶುಲ್ಕ ಇರಬೇಕು ಎಂದುಕೊಂಡು, ಎಲ್ಲರಿಗೂ ಹಂಚಲು ತಂದಿದ್ದ ಹಲ್ವದ ಪೊಟ್ಟಣ ಬಿಚ್ಚುತ್ತ ನಿಂತಿದ್ದ. ಅವನ ಮಗಳು ಶ್ರಾವ್ಯ ಆಗಷ್ಟೇ ಗೆದ್ದಿದ್ದಳು. ಹದಿಮೂರು ವರ್ಷದ ಹುಡುಗಿ, ಕೊಚ್ಚಿಯ ಹೊರವಲಯದ ಆ ಪುಟ್ಟ ಟ್ರ್ಯಾಕಿನಲ್ಲಿ ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೂ ಒಬ್ಬರಿಗೂ ದಾರಿ ಬಿಡದೆ ಗೋಕಾರ್ಟ್ ಓಡಿಸಿ, ಈಗ ಹೆಲ್ಮೆಟ್ ಕಳಚಿ, ಬೆವರಿಗೆ ಅಂಟಿಕೊಂಡ ಕೂದಲನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಅಪ್ಪನಾದವನಿಗೆ ಕಾಲು ನೆಲದ ಮೇಲೆ ನಿಲ್ಲದ ಗಳಿಗೆ ಅದು.

“ಕ್ಲೈಮ್ ಮಾಡುತ್ತೇನೆ ಸಾರ್,” ಎಂದ ವಿನ್ಸೆಂಟ್ ಮಲಯಾಳದಲ್ಲಿ. ದನಿ ಸಣ್ಣಗಿತ್ತು. “ಶ್ರಾವ್ಯನ ಗಾಡಿಯ ಎಂಜಿನ್.”

ಉದಯಶಂಕರ ಪೊಟ್ಟಣ ಬಿಚ್ಚುವುದನ್ನು ನಿಲ್ಲಿಸಿದ. ಹಲ್ವದ ಎಣ್ಣೆ ಬೆರಳಿಗಂಟಿದ್ದು ಹಾಗೇ ಉಳಿಯಿತು.

ಆ ಪದ ಅವನಿಗೆ ಹೊಸದಲ್ಲ. ಅದನ್ನು ನಿಯಮಗಳೊಳಗೆ ತಂದು ಕೂರಿಸಿದವನೇ ಅವನು. ತಿರುವನಂತಪುರದ ಸೆಕ್ರೆಟೇರಿಯಟ್ಟಿನ ಕಾನೂನು ಇಲಾಖೆಯಲ್ಲಿ ಕೂತು ಬೇರೆಯವರ ಮಸೂದೆಗಳಲ್ಲಿ ತೂತು ಹುಡುಕುವುದೇ ಕಸುಬಾಗಿದ್ದ ಈ ಕಾಸರಗೋಡಿನ ಮನುಷ್ಯನಿಗೆ, ಒಂದಷ್ಟು ಅಪ್ಪ ಅಮ್ಮಂದಿರು ಸೇರಿ ಕಟ್ಟಿದ ಮಕ್ಕಳ ರೇಸಿಂಗ್ ಕೂಟ ತನ್ನ ನಿಯಮಗಳನ್ನು ಬರೆದುಕೊಡಲು ಕೇಳಿದ್ದೇ ಸಾಕಾಗಿತ್ತು. ಮೈಮೇಲೆ ಬಂದವನಂತೆ ಬರೆದ. ರೇಸ್ ಎಂದರೆ ದುಡ್ಡಿದ್ದವರ ಮಕ್ಕಳ ಆಟ ಎಂದಾಗಬಾರದು. ಹಾಗಾಗಿ ಗದ್ದೆಗೆ ನೀರೆತ್ತುವ ಪಂಪಿಗೆ ಹಾಕುವಂಥ ಸಾದಾ ಎಂಜಿನ್, ಅದೂ ಅಂಗಡಿಯಿಂದ ಬಂದ ಹಾಗೆಯೇ ಇರಬೇಕು. ಸಂಬಳದ ಮೆಕ್ಯಾನಿಕ್ ಯಾರೂ ಬರಕೂಡದು. ಪಂದ್ಯದ ದಿನ ಬೇಲಿಯೊಳಗೆ ಬಂದು ಗಾಡಿ ಮುಟ್ಟುವುದು ಮನೆಯ ಒಬ್ಬರು ಮಾತ್ರ, ಅದು ಯಾರೆಂದು ಹೇಳುವವರು ಓಡಿಸುವ ಮಕ್ಕಳೇ. ಇಷ್ಟಾದ ಮೇಲೂ ಯಾರಾದರೂ ಗುಟ್ಟಾಗಿ ಎಂಜಿನ್ನಿಗೆ ದುಡ್ಡು ಸುರಿದರೆ? ಅದಕ್ಕೇ ಈ ಕ್ಲೈಮ್. ಗೆದ್ದ ಗಾಡಿಯ ಎಂಜಿನನ್ನು, ಅಂದು ಓಡಿದ ಯಾವ ಮನೆಯವರು ಬೇಕಾದರೂ ನಿಗದಿ ಬೆಲೆ ಕೊಟ್ಟು, ತಮ್ಮ ಎಂಜಿನನ್ನು ಬದಲಿಗೆ ಕೊಟ್ಟು ತೆಗೆದುಕೊಂಡು ಹೋಗಬಹುದು. ಕೊಡಲಾರೆ ಎಂದರೆ ಆ ವರ್ಷದ ಅಂಕಗಳೆಲ್ಲ ಸೊನ್ನೆ. ಕೈತಪ್ಪಿ ಹೋಗಬಹುದಾದ ಎಂಜಿನ್ನಿಗೆ ಯಾವ ಹುಚ್ಚ ಲಕ್ಷ ಸುರಿಯುತ್ತಾನೆ? ಬರೆದು ಮುಗಿಸಿದ ದಿನ ಅದನ್ನು ಹೆಂಡತಿ ಚಂದ್ರಾವತಿಗೆ ಮತ್ತೆ ಮತ್ತೆ ಓದಿ ಹೇಳಿದ್ದ. ಪಾಪ, ಅವಳೂ ಮತ್ತೆ ಮತ್ತೆ ಕೇಳಿದ್ದಳು.

ಆದರೆ ಆ ನಿಯಮವನ್ನು ಈವರೆಗೆ ಒಬ್ಬರೂ ಬಳಸಿರಲಿಲ್ಲ. ಒಟ್ಟಿಗೆ ಕೂತು ಉಣ್ಣುವವರು, ಒಬ್ಬರ ಮಗುವಿಗೆ ಇನ್ನೊಬ್ಬರು ಹೆಲ್ಮೆಟ್ ಕಟ್ಟುವವರು. ಕ್ಲೈಮ್ ಮಾಡುವುದೆಂದರೆ ಪಕ್ಕದವರ ಎಲೆಗೆ ಕೈ ಹಾಕಿದ ಹಾಗೆ. ಅದರಲ್ಲೂ ವಿನ್ಸೆಂಟ್! ವಲ್ಲಾರ್ಪಾಡದ ಕಂಟೇನರ್ ಬಂದರಿನಲ್ಲಿ ಕೆಲಸ ಮಾಡುವ ಮಂಗಳೂರು ಕಡೆಯ ಈ ಮನುಷ್ಯನೊಡನೆ ಕನ್ನಡದಲ್ಲಿ ಎರಡು ಮಾತಾಡುವುದಕ್ಕಾಗಿಯೇ ಉದಯಶಂಕರ ತಿರುವನಂತಪುರದಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಎಂದರೂ ಸುಳ್ಳಲ್ಲ. ವಿನ್ಸೆಂಟನ ಹೆಂಡತಿ ಮೇರಿ ಮಾಡಿ ತಂದ ‘ಸಣ್ಣ’ ಎಂಬ ಮೆತ್ತನೆಯ ಇಡ್ಲಿಯನ್ನು ಅವನು ಬೆಳಿಗ್ಗೆಯಷ್ಟೇ ಚಪ್ಪರಿಸಿ ತಿಂದಿದ್ದ.

“ಎಂತ ವಿನ್ಸೆಂಟ್, ತಮಾಷೆಯಾ?” ಎಂದು ನಗಲು ನೋಡಿದ.

“ತಮಾಷೆ ಅಲ್ಲ ಉದಯಣ್ಣ.” ವಿನ್ಸೆಂಟ್ ಅವನ ಮುಖ ನೋಡಲಿಲ್ಲ. “ನಮ್ಮ ಅಲ್ವಿನ್ ಎರಡು ರೇಸಿನ ಹಿಂದಿನವರೆಗೆ ಇವಳಿಗಿಂತ ಮುಂದೆ ಇದ್ದ. ಈಗ ಹತ್ರ ಹೋಗ್ಲಿಕ್ಕೂ ಆಗುದಿಲ್ಲ. ಎಂಜಿನಲ್ಲಿ ಎಂತದೋ ಉಂಟು ಅಂತ ನನಗೆ ಕಾಣ್ತದೆ. ನಾನು ಯಾರ ಮೇಲೂ ತಪ್ಪು ಹೇಳುದಿಲ್ಲ. ರೂಲ್ ನೀವೇ ಬರೆದದ್ದಲ್ವಾ? ನಾನು ಅದನ್ನು ನಂಬಿದ್ದು, ಅಷ್ಟೇ.”

ಉದಯಶಂಕರ ಯಾರಾದರೂ ಕೇಳಿಸಿಕೊಂಡರೇ ಎಂದು ಸುತ್ತ ನೋಡಿದ. ಏಕೆಂದರೆ ಎಂಜಿನಲ್ಲಿ ಎಂತದೋ ಇದ್ದದ್ದು ನಿಜ. ಅದು ಅವನಿಗೆ ಮಾತ್ರ ಗೊತ್ತಿತ್ತು.

ಎರಡು ಪಂದ್ಯಗಳ ಹಿಂದೆ ಶ್ರಾವ್ಯ ಅಲ್ವಿನ್‌ನ ಹಿಂದೆ ಬಿದ್ದು, ಮತ್ತೆ ಇಬ್ಬರಿಗೆ ದಾರಿ ಬಿಟ್ಟು, ನಾಲ್ಕನೆಯವಳಾಗಿ ಬಂದಿದ್ದಳು. ವರ್ಷದ ಕೊನೆಗೆ ಅಂಕದಲ್ಲಿ ಮೊದಲಿರುವ ಮಗುವಿಗೆ ಕೊಯಮತ್ತೂರಿನಲ್ಲಿ ಒಂದು ವರ್ಷದ ತರಬೇತಿ ಪುಕ್ಕಟೆ. ದುಡ್ಡು ಕೊಟ್ಟು ಕಳಿಸುವುದು ಈ ಜನ್ಮದಲ್ಲಿ ಆಗುವ ಮಾತಲ್ಲ. ಗಂಡ ತಿರುವನಂತಪುರದಲ್ಲಿ, ಹೆಂಡತಿ ಕೊಚ್ಚಿಯ ಹೈಕೋರ್ಟಿನಲ್ಲಿ ಸೆಕ್ಷನ್ ಆಫೀಸರಾಗಿ ವಾರವಿಡೀ ಹಾಸ್ಟೆಲಿನಲ್ಲಿ. ಎರಡೂರಿನ ಬಾಡಿಗೆ, ಎರಡೂರಿನ ಹಾಲು. ಉಳಿದದ್ದು ಟೈರಿಗೆ, ಪೆಟ್ರೋಲಿಗೆ. ಆ ಸೀಟು ಸಿಗದಿದ್ದರೆ ಮಗಳ ರೇಸು ಇಲ್ಲಿಗೆ ಮುಗಿದ ಹಾಗೆ. ಈ ಯೋಚನೆಯಲ್ಲೇ ಅವನು ಸಣ್ಣಗಾಗಿದ್ದಾಗ ಯಾರೋ ಕಿವಿಯಲ್ಲಿ ಊದಿದರು: ಮಟ್ಟಾಂಚೇರಿಯಲ್ಲಿ ಹಳೆಯ ಮೆಣಸಿನ ಗೋದಾಮುಗಳ ಹಿಂದೆ ಅಭಿಜಿತ್ ಅಂತ ಒಬ್ಬ ಇದ್ದಾನೆ, ಎಂಜಿನ್ ಬಿಚ್ಚಿ ಒಳಗಿನದ್ದೆಲ್ಲ ಬದಲಿಸಿ ಕೊಡುತ್ತಾನೆ, ಹೊರಗಿನಿಂದ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಎಲ್ಲರೂ ಮಾಡಿಸಿರುತ್ತಾರೆ, ನಾನೊಬ್ಬನೇ ಪೆದ್ದ ಎಂದು ಉದಯಶಂಕರ ತನಗೆ ತಾನೇ ವಾದಿಸಿ, ತಾನೇ ತೀರ್ಪು ಕೊಟ್ಟುಕೊಂಡ. ಪಿ.ಎಫ್.ನಿಂದ ಹಣ ತೆಗೆದ. ಎಂಜಿನ್ನಿನ ಪೆಟ್ರೋಲು, ಆಯಿಲ್ಲು ಪೂರ್ತಿ ಬಸಿದು, ಒರೆಸಿ, ಮನೆಯ ವೆಟ್ ಗ್ರೈಂಡರಿನ ಖಾಲಿ ಪೆಟ್ಟಿಗೆಯೊಳಗಿಟ್ಟು ಹಗ್ಗ ಬಿಗಿದ. ಗ್ರೈಂಡರ್ ಅಂದರೆ ಎಷ್ಟು ಭಾರವಿದ್ದರೂ ಯಾರೂ ಏನೂ ಕೇಳುವುದಿಲ್ಲವಲ್ಲ. ಸೋಮವಾರ ಬೆಳಗಿನ ರೈಲಿಗೆ ಹೊರಟಿದ್ದ ಹೆಂಡತಿಯ ಕೈಗೆ ಪೆಟ್ಟಿಗೆಯನ್ನೂ ಅಂಟು ಹಚ್ಚಿದ ಲಕೋಟೆಯನ್ನೂ ಕೊಟ್ಟು, “ಸರ್ವಿಸಿಗೆ ಚಂದ್ರಾ, ಇಷ್ಟು ಕೊಟ್ಟುಬಿಡು” ಎಂದ. ಅವಳು ಪ್ರಶ್ನೆ ಕೇಳಲಿಲ್ಲ. ವಾರ ಕಳೆದು ಅದೇ ಪೆಟ್ಟಿಗೆ ಅದೇ ರೈಲಿನಲ್ಲಿ ವಾಪಸು ಬಂತು.

ಆಹಾ, ಆಮೇಲೆ ಅದರ ಶಬ್ದ! ಮೊದಲ ಸಲ ಹಗ್ಗ ಎಳೆದು ಸ್ಟಾರ್ಟ್ ಮಾಡಿದಾಗ ಉದಯಶಂಕರ ಕಣ್ಣು ಮುಚ್ಚಿ ನಿಂತಿದ್ದ. “ಕೇಳು ಚಂದ್ರಾ, ಗಂಟಲೇ ಬೇರೆ ಆಗಿದೆ” ಎಂದಿದ್ದ. ಶ್ರಾವ್ಯಳ ಸಮಯ ಪ್ರತಿ ಅಭ್ಯಾಸದಲ್ಲೂ ಇಳಿಯತೊಡಗಿತು. ಅವಳು ಒಂದು ಸಂಜೆ ಮಲಯಾಳದಲ್ಲಿ ಏನೋ ವಿವರಿಸಿದಳು. ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲೇ. ತಿರುವಿಗೆ ಮುಂಚೆ ತಾನು ಬ್ರೇಕ್ ಒತ್ತುವ ಜಾಗ ಬದಲಿಸಿದ್ದೇನೆ, ಅದರಿಂದ ಕಾಲು ಬೇಗ ತೆಗೆಯುತ್ತೇನೆ, ಹೊರಗಿನ ಅಂಚಿನವರೆಗೂ ಗಾಡಿ ಬಿಡುತ್ತೇನೆ ಎಂದೇನೋ ಹೇಳುತ್ತಿದ್ದಳು. ಉದಯಶಂಕರ ತಲೆಯಾಡಿಸಿದ. ಕಿವಿಯೆಲ್ಲ ಎಂಜಿನ್ ಕಡೆಗೇ ಇತ್ತು.

ಈಗ ಆ ಎಂಜಿನ್ ಹೊರಟಿತು. ಅಷ್ಟೇ ಅಲ್ಲ, ಇನ್ನು ಅದು ಅಲ್ವಿನ್ ಗಾಡಿಯಲ್ಲಿ ಕೂತು, ಉಳಿದಿರುವ ಒಂದೇ ಒಂದು ಪಂದ್ಯದಲ್ಲಿ ತನ್ನ ಮಗಳನ್ನೇ ಸೋಲಿಸುತ್ತದೆ. ಅವನು ವಿನ್ಸೆಂಟನ ರಟ್ಟೆ ಹಿಡಿದು ಟಾರ್ಪಾಲಿನ ಹಿಂದಕ್ಕೆ ಎಳೆದುಕೊಂಡು ಹೋದ.

“ಲಕೋಟೆ ವಾಪಸು ತಗೊಳ್ಳಿ ವಿನ್ಸೆಂಟ್. ನಾನು ಕೊಡ್ತೇನೆ ನಿಮಗೆ. ಅದರಲ್ಲಿ ಇದ್ದದ್ದರ ಮೂರು ಪಟ್ಟು. ಕೈ ಮುಗೀತೇನೆ.”

ವಿನ್ಸೆಂಟ್ ಬೆಪ್ಪಾದ. ಬಂದರಿನ ಕ್ರೇನುಗಳ ಸದ್ದಿನ ನಡುವೆ ಕೂಗಿ ಕೂಗಿಯೇ ಮಾತಾಡಿ ರೂಢಿಯಾದ ಅವನ ಗಂಟಲು ಆ ಗಾಬರಿಯಲ್ಲಿ ತನ್ನ ಅಳತೆ ಮರೆಯಿತು. “ಮೂರು ಪಟ್ಟಾ? ಒಂದು ಪಂಪಿನ ಎಂಜಿನಿಗೆ? ದೇವರೇ, ಇದರ ಒಳಗೆ ಎಂತ ಹಾಕಿಸಿದ್ದೀರಿ ಉದಯಣ್ಣ?”

ಕನ್ನಡ ಬಾರದವರೂ ಆ ಕೂಗಿಗೆ ತಿರುಗಿದರು. ಚಕ್ರ ಬಿಚ್ಚುತ್ತಿದ್ದ ಅಪ್ಪಂದಿರು, ಊಟದ ಡಬ್ಬಿ ಹಿಡಿದ ಅಮ್ಮಂದಿರು ಎಲ್ಲರೂ ಹಾಗೇ ನಿಂತರು. ತಿರುವನಂತಪುರದ ಬಳಿಯ ತುಂಬ ಎಂಬ ಊರಿನ ಬಾಹ್ಯಾಕಾಶ ಕೇಂದ್ರದಿಂದ ನಿವೃತ್ತರಾಗಿ ಈ ಕೂಟಕ್ಕೆ ಹಿರಿಯರಾಗಿದ್ದ ವಿಲ್ಸನ್ ಸಾರ್ ಎದ್ದು ಬಂದರು. ಅವರದು ಮಲಯಾಳ ಮಾತ್ರ. ವಿನ್ಸೆಂಟ್ ಹೇಳಲೋ ಬೇಡವೋ ಎಂದು ತಡವರಿಸುತ್ತಿರುವಾಗಲೇ ಅವರು ಉದಯಶಂಕರನನ್ನೇ ಕೇಳಿದರು, ಒಳಗೆ ಏನಿದೆ ಎಂದು.

ದಿನವಿಡೀ ಬೇರೆಯವರ ಮಾತಿನ ತೂತು ಹುಡುಕುವವನು; ಆದರೂ ಒಂದು ಒಳ್ಳೆಯ ಸುಳ್ಳು ಬಾಯಿಗೆ ಬರಲಿಲ್ಲ. ಹೇಳಿಬಿಟ್ಟ. ಹಗುರ ಪಿಸ್ಟನ್, ಹೊರಗಿನಿಂದ ತರಿಸಿದ ಕ್ಯಾಮ್, ಮಟ್ಟಾಂಚೇರಿ, ಪಿ.ಎಫ್. ಎಲ್ಲ. ಹೇಳುತ್ತ ಹೇಳುತ್ತ ಕತ್ತೆತ್ತಿ ನೋಡಿದರೆ ಎದುರಿಗೆ ಶ್ರಾವ್ಯ. ಹೆಲ್ಮೆಟ್ ಕಂಕುಳಲ್ಲಿತ್ತು. ಗೆದ್ದ ಕೆಂಪು ಇನ್ನೂ ಕೆನ್ನೆಯಿಂದ ಇಳಿದಿರಲಿಲ್ಲ, ಕಣ್ಣಿನ ಹೊಳಪು ಮಾತ್ರ ಆಗಲೇ ಇಳಿದುಹೋಗಿತ್ತು. ಉದಯಶಂಕರನಿಗೆ ಸತ್ತುಹೋಗಬೇಕು ಅನ್ನಿಸಿತು.

“ಬಿಚ್ಚಿ ನೋಡೋಣ,” ಎಂದರು ವಿಲ್ಸನ್ ಸಾರ್. ಅವರ ದನಿಯಲ್ಲಿ ಕೋಪಕ್ಕಿಂತ ಸಂಕಟವೇ ಹೆಚ್ಚಿತ್ತು. ಒಳಗೆ ಅಂಥದ್ದು ಸಿಕ್ಕರೆ ಏನಾಗುತ್ತದೆಂದು ಯಾರೂ ಹೇಳಬೇಕಾಗಿರಲಿಲ್ಲ. ಶ್ರಾವ್ಯಳ ಇಡೀ ವರ್ಷ ಅಳಿಸಿಹೋಗುತ್ತದೆ. ನಿಯಮಗಳಲ್ಲಿ ಆ ವಾಕ್ಯವೂ ಉದಯಶಂಕರನದೇ.

“ಬಿಚ್ಚಿ ಸಾರ್. ಒಳಗೆ ಏನೂ ಇಲ್ಲ,” ಎಂದಿತು ಒಂದು ಹೆಣ್ಣು ದನಿ, ಮಲಯಾಳದಲ್ಲಿ.

ಚಂದ್ರಾವತಿ. ಚಿತ್ರಾನ್ನದ ಡಬ್ಬಿಯ ಮುಚ್ಚಳ ಇನ್ನೂ ಕೈಯಲ್ಲೇ ಇತ್ತು.

“ನಿನಗೆ ಎಂತ ಗೊತ್ತುಂಟು ಚಂದ್ರಾ? ಸುಮ್ಮನಿರು,” ಎಂದ ಉದಯಶಂಕರ. ಹೆಂಡತಿ ತನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಎಂದೇ ಅವನು ಭಾವಿಸಿದ್ದು.

ಗಾಡಿ ಮುಟ್ಟುವ ಹಕ್ಕು ಆ ದಿನ ಮನೆಯ ಕಡೆಯಿಂದ ಅವನೊಬ್ಬನದೇ. ಸ್ಪ್ಯಾನರ್ ಹಿಡಿದ. ಎರಡು ಸಲ ಇಟ್ಟರೂ ಬೋಲ್ಟಿನ ತಲೆಗೆ ಅದು ಕೂರಲೇ ಇಲ್ಲ. ಶ್ರಾವ್ಯ ಹೆಲ್ಮೆಟ್ ಕೆಳಗಿಟ್ಟು, ಅವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ಮಂಡಿಯೂರಿದಳು. ಒಂದೊಂದೇ ಬೋಲ್ಟ್ ಬಿಚ್ಚಿ ಅಂಗೈಯಲ್ಲಿ ಕೂಡಿಸಿದಳು. ಮುಚ್ಚಳ ಅಲುಗಲಿಲ್ಲ. ವಿಲ್ಸನ್ ಸಾರ್ ಬಗ್ಗಿ ನೋಡಿ, ಉಗುರಿನಿಂದ ಅಂಚು ಕೆರೆದು, ಹುಬ್ಬು ಗಂಟಿಕ್ಕಿದರು. ಮುಚ್ಚಳದ ಸಂದಿ ಮುಚ್ಚುವ ಗ್ಯಾಸ್ಕೆಟ್ ಕಾರ್ಖಾನೆಯಲ್ಲಿ ಅಂಟಿಸಿದ್ದು ಅಂಟಿಸಿದ ಹಾಗೇ ಇತ್ತು. ಆ ಎಂಜಿನ್ ಹುಟ್ಟಿದ ಮೇಲೆ ಅದನ್ನು ಒಬ್ಬರೂ ತೆರೆದಿರಲಿಲ್ಲ.

ತಟ್ಟಿ ತಟ್ಟಿ ಮುಚ್ಚಳ ಬಿಡಿಸಿದಾಗ ಕಂಡದ್ದೂ ಅಷ್ಟೇ: ಪಂಪಿನ ಎಂಜಿನ್, ಅಂಗಡಿಯಿಂದ ಬಂದ ಹಾಗೆ.

“ಮೋಸ ಮಾಡಿದ!” ಎಂದು ಉದಯಶಂಕರ ಕೂಗಿದ. “ಆ ಅಭಿಜಿತ್ ನನಗೆ ಮೋಸ ಮಾಡಿದ!”

“ಅವನು ಮಾಡಿದ್ದಲ್ಲ. ನಾನು,” ಎಂದಳು ಚಂದ್ರಾವತಿ. ಈಗ ಕನ್ನಡದಲ್ಲಿ. “ನೀವು ಸರ್ವಿಸ್ ಅಂತ ಹೇಳಿದ್ರಿ. ಅವನು ಪಾಪ, ನನಗೆ ಎಲ್ಲ ಗೊತ್ತುಂಟು ಅಂತ ಗ್ರಹಿಸಿ, ಇದು ಹಾಕ್ತೇನೆ ಮೇಡಂ, ಅದು ಹಾಕ್ತೇನೆ, ಮತ್ತೆ ಮಗಳ ಹತ್ತಿರ ಯಾರೂ ಬರ್ಲಿಕ್ಕಿಲ್ಲ ಅಂತ ಹೇಳಿದ. ನನಗೆ ಕೈಕಾಲು ತಣ್ಣಗಾಯ್ತು. ನೀವು ಓದಿ ಹೇಳಿದ್ದ ರೂಲೇ ತಲೆಯಲ್ಲಿ ತಿರುಗ್ತಾ ಇತ್ತು. ಜೆಟ್ಟಿಯ ಹತ್ರ ಪೆಟ್ಟಿಗೆ ಇಟ್ಕೊಂಡು ಕೂತೆ. ಒಂದು ಬೋಟ್ ಹೋಯ್ತು, ಮತ್ತೊಂದು ಹೋಯ್ತು. ಆಮೇಲೆ ವಾಪಸು ಹೋಗಿ, ಹೊರಗಿಂದ ತೊಳೆದು ಆಯಿಲ್ ಹಾಕಿ ಕೊಡು ಸಾಕು, ಬಿಚ್ಚಬೇಡ ಅಂದೆ.”

“ಮತ್ತೆ ನನ್ನ ದುಡ್ಡು?”

“ಗ್ರೈಂಡರಿನ ಒಳಗೆ ಉಂಟು. ಕಲ್ಲಿನ ಅಡಿಯಲ್ಲಿ. ದೋಸೆಗೆ ಹಿಟ್ಟು ಅಂಗಡಿಯಿಂದ ಬರುದು ಯಾಕೆ ಅಂತ ನೀವು ಒಂದು ದಿನ ಆದ್ರೂ ಕೇಳಿದ್ರಾ?”

ಮೇರಿಯ ಗಂಟಲಿನಿಂದ ನಗುವಿನಂಥದ್ದೊಂದು ಹೊರಟು ಅಲ್ಲೇ ಸತ್ತಿತು. ಉದಯಶಂಕರ ಗರಬಡಿದವನಂತೆ ನಿಂತಿದ್ದ. ಹಣ ಹೋಗಿಲ್ಲ, ಮಗಳ ವರ್ಷ ಹೋಗಿಲ್ಲ, ಜೈಲಿನ ಬಾಗಿಲು ತೆರೆದು ಹೊರಗೆ ಹೋಗು ಅಂದ ಹಾಗಾಗಿದೆ. ಆದರೂ ಹೊರಗೆ ಕಾಲಿಡಲು ಆಗುತ್ತಿಲ್ಲ.

“ನನಗೆ ಹೇಳ್ಬಹುದಿತ್ತಲ್ಲ ಚಂದ್ರಾ,” ಎಂದ ಕ್ಷೀಣವಾಗಿ.

“ಹೇಳಿದ್ರೆ ಮರುವಾರ ನೀವೇ ಹೊತ್ಕೊಂಡು ಬರ್ತಿದ್ರಿ. ಮತ್ತೆ ಆ ಶಬ್ದ ಕೇಳಿ ಎಷ್ಟು ಖುಷಿಯಲ್ಲಿ ಇದ್ರಿ ನೀವು. ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ.”

ಶಬ್ದ! ಉದಯಶಂಕರನಿಗೆ ನಾಚಿಕೆ ಈಗ ಬಂತು, ಬೆನ್ನಿನಿಂದ ಕಿವಿಯವರೆಗೆ. ಬದಲಾದ ಗಂಟಲು ಯಾವುದು? ಎಂಜಿನ್ ಅದೇ. ಹಾಗಿದ್ದರೆ ಈ ಎರಡು ಪಂದ್ಯ ಗೆದ್ದದ್ದು ಯಾರು?

ಗೆದ್ದವಳು ಎದ್ದು ನಿಂತಳು. ಅಂಗೈಯಲ್ಲಿ ಬೋಲ್ಟುಗಳಿದ್ದವು. ಸುತ್ತಲೂ ಅಷ್ಟು ಜನ. ಅವಳು ಅಪ್ಪನ ಹತ್ತಿರ ಬಂದು, ಮೆತ್ತಗೆ, ಎಷ್ಟೋ ವರ್ಷಗಳ ಮೇಲೆ ಕನ್ನಡದಲ್ಲಿ ಕೇಳಿದಳು.

“ನಾನು ಸಾಕಾಗ್ಲಿಲ್ವಾ ಅಪ್ಪ?”

ಕನ್ನಡ ಯಾಕೆ ಆರಿಸಿಕೊಂಡಳೆಂದು ಉದಯಶಂಕರನಿಗೆ ತಡವಾಗಿ ಹೊಳೆಯಿತು. ಸುತ್ತ ನಿಂತ ಜನಕ್ಕೆ ಗೊತ್ತಾಗದಿರಲಿ, ಅಪ್ಪನ ಮಾನ ಇಷ್ಟಾದರೂ ಉಳಿಯಲಿ ಎಂದು. ಮನೆಯವರಲ್ಲದೆ ಅರ್ಥವಾದವರಲ್ಲಿ ಮೇರಿ ಸೆರಗಿನಿಂದ ಮೂಗು ಒರೆಸಿಕೊಂಡಳು. ವಿನ್ಸೆಂಟ್ ಬಗ್ಗಿ, ಕೆಳಗೆ ಬೀಳದೇ ಇದ್ದ ಬೋಲ್ಟನ್ನು ಹುಡುಕತೊಡಗಿದ. ಉದಯಶಂಕರ ಮಗಳ ಅಂಗೈಯ ಬೋಲ್ಟುಗಳನ್ನೇ ನೋಡುತ್ತ ನಿಂತ.

ವಿನ್ಸೆಂಟ್ ಎದ್ದು ಲಕೋಟೆಗೆ ಕೈ ಹಾಕಿದ. “ನನಗೆ ಬೇಡ ಮಾರಾಯ್ರೆ. ಇಂಥದ್ದೇ ಒಂದು ನನ್ನ ಹತ್ರವೇ ಉಂಟು.”

ಶ್ರಾವ್ಯ ಬಿಡಲಿಲ್ಲ. ಮಲಯಾಳಕ್ಕೆ ಮರಳಿದ್ದಳು, ದನಿ ಗಟ್ಟಿಯಾಗಿತ್ತು. ಅಂಕಲ್ ಕ್ಲೈಮ್ ಮಾಡಿ ಆಗಿದೆ, ನಿಯಮ ನಿಯಮವೇ. ಈ ಎಂಜಿನ್ ಅಲ್ವಿನ್‌ಗೆ, ಅಲ್ವಿನ್‌ದು ನನಗೆ. ತುಂಬದ ಕೊನೆಯ ಪಂದ್ಯದಲ್ಲಿ ನೋಡೋಣ.

ತಿರುವನಂತಪುರಕ್ಕೆ ವಾಪಸಾಗುವ ದಾರಿಯುದ್ದಕ್ಕೂ ಅವಳು ಕಾರಿನ ಹಿಂದಿನ ಸೀಟಿನಲ್ಲಿ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ಮುಂದಿನ ವಾರಗಳಲ್ಲಿ ಮಾತು ನಿಲ್ಲಿಸಲಿಲ್ಲ, ಅದು ಅವಳ ಸ್ವಭಾವವಲ್ಲ. ಉಪ್ಪು ಕೊಡು ಅಂದಳು, ಸೈನ್ ಹಾಕು ಅಂದಳು. ಬ್ರೇಕಿನ ಸುದ್ದಿ, ತಿರುವಿನ ಸುದ್ದಿ ಮಾತ್ರ ಎತ್ತಲಿಲ್ಲ. ಉದಯಶಂಕರನೇ ಒಂದೆರಡು ಸಲ ಕೇಳಲು ಹೋಗಿ, ಅವಳು ಅಂದು ಹೇಳಿದ್ದು ಏನೆಂದು ನೆನಪಾಗದೆ ಬಾಯಿ ಮುಚ್ಚಿಕೊಂಡ.

ಕೊನೆಯ ಪಂದ್ಯದ ಬೆಳಿಗ್ಗೆ ತುಂಬದ ಬಯಲಿನಲ್ಲಿ ಇನ್ನೊಂದು ಪೆಟ್ಟು ಕಾದಿತ್ತು. ಉದಯಶಂಕರ ಎಂದಿನಂತೆ ಹಳೆಯ ಪ್ಯಾಂಟು ಹಾಕಿ, ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಬೇಲಿಯ ಬಾಗಿಲಿಗೆ ಹೋದರೆ ವಿಲ್ಸನ್ ಸಾರ್ ಅಡ್ಡ ಬಂದರು. ಬಹಳ ಮುಜುಗರದಿಂದ, ಶ್ರಾವ್ಯ ಈ ಸಲ ಅಮ್ಮನ ಹೆಸರು ಹೇಳಿದ್ದಾಳೆ ಎಂದರು.

ಚಂದ್ರಾವತಿ ಚೂಡಿದಾರದ ವೇಲ್ ಸೊಂಟಕ್ಕೆ ಬಿಗಿದು ಬಂದಳು. ಗಂಡನ ಮುಖ ನೋಡಿ ಅವಳಿಗೂ ಕಷ್ಟವಾಯಿತು. “ಚೀಲ ಕೊಡಿ,” ಎಂದಳಷ್ಟೇ. ಕೊಟ್ಟ.

ಹೀಗೆ ಆ ನಿಯಮ ಬರೆದ ಮಹಾಶಯ ಐಸ್‌ಕ್ರೀಮಿನವನ ಪಕ್ಕದಲ್ಲಿ, ಬೇಲಿಯ ಹೊರಗೆ, ನೀರಿನ ಬಾಟಲಿ ಹಿಡಿದು ನಿಂತ. ಒಳಗೆ ಹೆಂಡತಿ ಮಂಡಿಯೂರಿ ಟೈರಿನ ಗಾಳಿ ನೋಡುತ್ತಿದ್ದಳು, ಮಗಳು ಬಗ್ಗಿ ಅವಳಿಗೆ ಏನೋ ವಿವರಿಸುತ್ತಿದ್ದಳು, ಹೆಂಡತಿ ಕೇಳುತ್ತಿದ್ದಳು. ನಿಜವಾಗಿ ಕೇಳುತ್ತಿದ್ದಳು. ಅದು ಅಷ್ಟು ದೂರಕ್ಕೂ ಕಾಣುತ್ತಿತ್ತು.

ಬಾವುಟ ಬಿತ್ತು. ಎಲ್ಲ ಗಾಡಿಗಳೂ ಒಟ್ಟಿಗೆ ಗುರುಗುಟ್ಟಿ ಹೊರಟವು. ಉದಯಶಂಕರ ಅಭ್ಯಾಸಬಲದಿಂದ ಕಣ್ಣು ಮುಚ್ಚಿ ತನ್ನ ಹಳೆಯ ಎಂಜಿನ್ನಿನ ಶಬ್ದ ಹುಡುಕಿದ. ಸಿಗಲಿಲ್ಲ. ಹತ್ತಾರು ಪಂಪುಗಳು ಒಟ್ಟಿಗೆ ನೀರೆತ್ತುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕಣ್ಣು ತೆರೆದ. ಬಹುಶಃ ಮಗಳು ಗಾಡಿ ಓಡಿಸುವುದನ್ನು ಅವನು ಮೊದಲ ಸಲ ನೋಡಿದ್ದು ಆವತ್ತೇ.

ಅಲ್ವಿನ್ ಮುಂದಿದ್ದ. ಕಡಲ ಕಡೆಯ ತಿರುವಿನಲ್ಲಿ ಗಾಳಿ ಮರಳು ತಂದು ಸುರಿದಿತ್ತು, ಎಲ್ಲರೂ ಅಲ್ಲಿ ಹೆದರಿ ಒಳಗೇ ಅಂಟಿಕೊಳ್ಳುತ್ತಿದ್ದರು. ಶ್ರಾವ್ಯ ಎಲ್ಲರಿಗಿಂತ ಮೊದಲು ಬ್ರೇಕ್ ಒತ್ತಿದಳು, ಅಯ್ಯೋ ಹಿಂದೆ ಬಿದ್ದಳು ಎನ್ನುವಷ್ಟರಲ್ಲಿ ಕಾಲು ತೆಗೆದಳು, ಗಾಡಿಯನ್ನು ಹೊರಗಿನ ಅಂಚಿನವರೆಗೂ ಬಿಟ್ಟಳು. ಬ್ರೇಕ್, ಕಾಲು ತೆಗೆ, ಅಂಚು. ಅವನಿಗೆ ಆ ಸಂಜೆಯ ಮಲಯಾಳ ಒಂದೊಂದೇ ಮಾತಾಗಿ ನೆನಪಿಗೆ ಬಂತು. ಪ್ರತಿ ಸುತ್ತಿಗೂ ಅಷ್ಟಷ್ಟೇ ಹತ್ತಿರ. ಕೊನೆಯ ಸುತ್ತಿನಲ್ಲಿ ಅದೇ ತಿರುವಿನಿಂದ ಹೊರಬರುವಾಗ ಅವಳು ಅಲ್ವಿನ್‌ನ ಪಕ್ಕದಲ್ಲಿದ್ದಳು, ಗೆರೆ ದಾಟುವಾಗ ಮುಂದಿದ್ದಳು. ಅಲ್ವಿನ್‌ನದೇ ಹಳೆಯ ಎಂಜಿನ್ನಿನಲ್ಲಿ.

ಉದಯಶಂಕರ ಕಿರುಚಿದ. ಐಸ್‌ಕ್ರೀಮಿನವನನ್ನು ತಬ್ಬಿಕೊಂಡ. ವಿನ್ಸೆಂಟ್ ಒಳಗಿನಿಂದಲೇ ಎರಡೂ ಕೈ ಎತ್ತಿ ಅವನಿಗೆ ಮುಗಿದ. ಅಂಕದಲ್ಲಿ ಮಗಳೇ ಮೊದಲು; ಕೊಯಮತ್ತೂರು, ಸೀಟು, ಒಂದು ವರ್ಷ ಎಲ್ಲ ತಲೆಯಲ್ಲಿ ಗಿರ್ರೆಂದಿತು. ಶ್ರಾವ್ಯ ಅಮ್ಮನನ್ನು ಅಪ್ಪಿ, ಬಿಡಿಸಿಕೊಂಡು, ನೇರವಾಗಿ ಬೇಲಿಯ ಕಡೆಗೆ ಬಂದಳು. ವಾರಗಳಿಂದ ಕೂಡಿಸಿಟ್ಟುಕೊಂಡ ಮಾತು ಅವನಲ್ಲಿತ್ತು. ನೀನು ಸಾಕು ಮಗಾ, ಯಾವಾಗಲೂ ಸಾಕಾಗಿದ್ದಿ, ನಾನೇ ಕಿವುಡ. ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ ಹೇಳಿ ಹೇಳಿ ಬಾಯಿಪಾಠವಾಗಿತ್ತು. ಬಾಟಲಿಯನ್ನು ತಂತಿಯ ಸಂದಿಯಿಂದ ಚಾಚಿ, ಒದ್ದೆಗಣ್ಣಿನಲ್ಲಿ ಬಾಯಿ ತೆರೆದ.

“ಎಂಜಿನ್ ಹೇಗೆ ಎಳೀತದೆ ಮಗಾ?”

ಹೊರಟದ್ದು ಅದು. ತನ್ನ ಬಾಯಿಯಿಂದಲೇ ಬಂದದ್ದನ್ನು ಕೇಳಿ ಉದಯಶಂಕರ ಕಲ್ಲಾದ. ಮಗಳ ಹಿಂದೆ ನಿಂತಿದ್ದ ಚಂದ್ರಾವತಿ ಹಣೆ ಚಚ್ಚಿಕೊಂಡಳು.

ಶ್ರಾವ್ಯ ಬಾಟಲಿ ತೆಗೆದುಕೊಂಡು ಗಟಗಟನೆ ಅರ್ಧ ಕುಡಿದಳು. ಮೊಣಕೈಯಿಂದ ಬಾಯಿ ಒರೆಸಿಕೊಂಡು ಅವನನ್ನೇ ನೋಡಿದಳು. ಆಮೇಲೆ ಕನ್ನಡದಲ್ಲೇ, ಈ ಸಲ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಎಂಜಿನ್ ಪರವಾಗಿಲ್ಲ ಅಪ್ಪ. ಓಡಿಸುವವಳನ್ನು ಒಮ್ಮೆ ಕೇಳಿ ನೋಡು.”

ಬಾಟಲಿಯನ್ನು ಅವನ ಕೈಗೆ ವಾಪಸು ಕೊಟ್ಟು ಗಾಡಿಯ ಕಡೆ ನಡೆದಳು. ಉದಯಶಂಕರ ತಂತಿ ಹಿಡಿದು ನಿಂತೇ ಇದ್ದ. ಆಚೆ ಅವಳು ಅಮ್ಮನಿಗೆ, ಅಲ್ವಿನ್‌ಗೆ, ವಿನ್ಸೆಂಟನಿಗೆ ಕೈ ತಿರುಗಿಸಿ ತಿರುಗಿಸಿ ಆ ಮರಳಿನ ತಿರುವನ್ನು ವಿವರಿಸುತ್ತಿದ್ದಳು, ಮಲಯಾಳದಲ್ಲಿ. ಅವನು ಬೇಲಿಗೆ ಕಿವಿಗೊಟ್ಟು ಕೇಳಿದ.